ಡಿಎನ್‌ಎಯ ನಾಲ್ಕೆಳೆ ಗಂಟು

ಬೂತಾಯಿ ಮೀನನ್ನು ಉಜ್ಜಿ ತೊಳೆಯುವಾಗ ಕೈಗೆ ಅಂಟುವ ಬೆಳ್ಳಿಯಂಥ ಹೊಳಪು ಗ್ವಾನಿನ್ ಎಂಬ ವಸ್ತುವಿನದು. ಮೀನಿನ ಚರ್ಮದಲ್ಲಿ ಅದು ತೆಳ್ಳನೆಯ ಹರಳುಗಳಾಗಿ, ಹಾಳೆಯ ಮೇಲೆ ಹಾಳೆ ಪೇರಿಸಿಟ್ಟಂತೆ ಕೂತಿರುತ್ತದೆ. ಮೇಲೆ ಬಿದ್ದ ಬೆಳಕು ಈ ಹಾಳೆಗಳಿಗೆ ತಾಗಿ ಮರಳುತ್ತದೆ. ಇದೇ ಗ್ವಾನಿನ್ ನಮ್ಮ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲೊಂದು, ‘ಜಿ’. ತನ್ನಂಥವು ಸಿಕ್ಕರೆ ಕೂಡಿಕೊಂಡು ಒಂದರ ಮೇಲೊಂದು ಪೇರಿಕೊಳ್ಳುವ ಅದರ ಚಾಳಿ ಅಲ್ಲಿಯೂ ಬಿಟ್ಟಿಲ್ಲ.

ಎ ಜೊತೆ ಟಿ, ಜಿ ಜೊತೆ ಸಿ, ಎರಡೆಳೆಯ ಸುರುಳಿ ಏಣಿ: ಶಾಲೆಯ ಪುಸ್ತಕ ಕಲಿಸುವುದು ಇಷ್ಟು. ಆದರೆ ಎಳೆಯೊಂದರಲ್ಲಿ ಜಿಗಳು ಗುಂಪುಗುಂಪಾಗಿ ಬಂದ ಕಡೆ ಆ ಎಳೆ ತನ್ನ ಜೋಡಿಯನ್ನು ಬಿಟ್ಟು ತನ್ನ ಮೇಲೇ ಮಡಚಿಕೊಳ್ಳಬಲ್ಲದು. ಹಾಗೆ ಮೂಡುವ ನಾಲ್ಕೆಳೆಯ ಗಂಟಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಜಿ-ಕ್ವಾಡ್ರುಪ್ಲೆಕ್ಸ್.

ಅದರ ಕಟ್ಟೋಣವನ್ನು ಹತ್ತಿರದಿಂದ ನೋಡಬೇಕು. ನಾಲ್ವರು ಮಕ್ಕಳು ಚೌಕವಾಗಿ ನಿಂತು, ಪ್ರತಿಯೊಬ್ಬರೂ ಒಂದು ಕೈಯಿಂದ ಪಕ್ಕದವರ ಮಣಿಕಟ್ಟನ್ನು ಹಿಡಿದಿದ್ದಾರೆ ಎಂದುಕೊಳ್ಳಿ. ಹಿಡಿಯುವವರೂ ಅವರೇ, ಹಿಡಿಸಿಕೊಳ್ಳುವವರೂ ಅವರೇ. ನಾಲ್ಕು ಗ್ವಾನಿನ್‌ಗಳು ಕೂಡುವುದು ಹೀಗೆಯೇ. ಒಂದೊಂದು ಹಿಡಿತದಲ್ಲಿ ಎರಡು ಹೈಡ್ರೋಜನ್ ಬಂಧ, ಚೌಕಕ್ಕೆ ಒಟ್ಟು ಎಂಟು. ಇಂಥ ಚಪ್ಪಟೆ ಚೌಕಗಳು ಎರಡು ಮೂರು ಮಹಡಿಯಾಗಿ ನಿಂತರೆ ಗಂಟು ಸಿದ್ಧ. ಮನುಷ್ಯನ ಕ್ರೋಮೋಸೋಮ್‌ಗಳ ತುದಿಯಲ್ಲಿ, ಅಂದರೆ ಟೆಲೋಮಿಯರ್‌ನಲ್ಲಿ, ಟಿಟಿಎಜಿಜಿಜಿ ಎಂಬ ಆರು ಅಕ್ಷರ ಸಾವಿರಾರು ಸಲ ಮರುಕಳಿಸುತ್ತದೆ. ಅದರ ನಾಲ್ಕು ಆವರ್ತನೆ ಸಾಕು: ಜಿಜಿಜಿಗಳು ನಾಲ್ಕು ಮೂಲೆಯ ಕಂಬಗಳಾಗುತ್ತವೆ, ನಡುವಿನ ಟಿಟಿಎ ಕುಣಿಕೆಯಂತೆ ಹೊರಗೆ ಬಾಗುತ್ತದೆ, ಮೂರು ಮಹಡಿಯ ಮನೆ ಎದ್ದು ನಿಲ್ಲುತ್ತದೆ.

ಈ ಮನೆಯ ನಟ್ಟನಡುವೆ ಒಂದು ತೊಡಕಿದೆ. ಪ್ರತಿ ಚೌಕದ ನಾಲ್ಕು ಆಮ್ಲಜನಕ ಪರಮಾಣುಗಳೂ ಒಳಮುಖವಾಗಿವೆ, ಋಣ ವಿದ್ಯುತ್ತಿನ ಒಲವಿನಿಂದ ಒಂದನ್ನೊಂದು ತಳ್ಳುತ್ತವೆ. ಜಗಳ ಬಿಡಿಸಲು ಧನ ವಿದ್ಯುದಂಶದ ಅಯಾನೊಂದು ಬೇಕು. ಎಳನೀರಿನಲ್ಲಿ ಧಾರಾಳವಾಗಿರುವ ಪೊಟ್ಯಾಸಿಯಂ ಇಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಹೊಂದುತ್ತದೆ. ಎರಡು ಮಹಡಿಗಳ ನಡುವೆ ಕೂತು ಎಂಟು ಆಮ್ಲಜನಕಗಳನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ. ಸೋಡಿಯಂ ಇದ್ದರೆ ಗಂಟು ಅಷ್ಟು ಬಿಗಿಯಲ್ಲ. ಲಿಥಿಯಂ ಉಪಯೋಗಕ್ಕೆ ಬರುವುದಿಲ್ಲ. ಜೀವಕೋಶದ ಒಳಗೆ ಸೋಡಿಯಂಗಿಂತ ಪೊಟ್ಯಾಸಿಯಂ ಎಷ್ಟೋ ಪಟ್ಟು ಹೆಚ್ಚು ಎಂಬುದನ್ನು ನೆನೆದರೆ, ಇಂಥ ಗಂಟಿಗೆ ಅಲ್ಲಿ ಎಷ್ಟು ಅನುಕೂಲವಿದೆ ಎಂದು ತಿಳಿಯುತ್ತದೆ.

ಇದರ ಸುಳಿವು ಡಿಎನ್‌ಎ ಸುರುಳಿಗಿಂತಲೂ ಹಳೆಯದು. 1910ರಲ್ಲೇ ಐವರ್ ಬಾಂಗ್ ಎಂಬ ರಸಾಯನ ವಿಜ್ಞಾನಿ ಗ್ವಾನಿಲಿಕ್ ಆಮ್ಲದ ಗಾಢ ದ್ರಾವಣ ಲೋಳೆಯಾಗಿ ಗಟ್ಟಿಯಾಗುವುದನ್ನು ಗಮನಿಸಿದ್ದರು. ಏಕೆಂದು ತಿಳಿಯಲು ಅರ್ಧ ಶತಮಾನ ಹಿಡಿಯಿತು. 1962ರಲ್ಲಿ ಅಮೆರಿಕದ ಗೆಲ್ಲರ್ಟ್, ಲಿಪ್ಸೆಟ್ ಮತ್ತು ಡೇವೀಸ್ ಆ ಲೋಳೆಯಿಂದ ಎಳೆದ ನಾರಿಗೆ ಕ್ಷ-ಕಿರಣ ಹಾಯಿಸಿ, ಒಳಗಿರುವುದು ನಾಲ್ಕರ ಚೌಕ ಎಂದು ತೋರಿಸಿದರು. 1988ರಲ್ಲಿ ದೀಪಂಕರ್ ಸೇನ್ ಮತ್ತು ವಾಲ್ಟರ್ ಗಿಲ್ಬರ್ಟ್ ಜಿ ತುಂಬಿದ ಡಿಎನ್‌ಎ ತುಣುಕುಗಳೂ ಹೀಗೆಯೇ ಹೆಣೆದುಕೊಳ್ಳುತ್ತವೆ ಎಂದು ವರದಿ ಮಾಡಿದರು. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವ ಅರೆವಿಭಜನೆಯಲ್ಲಿ ಕ್ರೋಮೋಸೋಮ್‌ಗಳು ಜೋಡಿಯಾಗಲು ಈ ಹೆಣಿಗೆ ನೆರವಾಗಬಹುದು ಎಂಬುದು ಅವರ ಊಹೆ.

ಆದರೂ ಒಂದು ಅನುಮಾನ ಬೆನ್ನು ಬಿಡಲಿಲ್ಲ: ಇದೆಲ್ಲ ಪ್ರಯೋಗನಾಳದಲ್ಲಿ ನಡೆಯುವ ಆಟವೇ? ಚೆನ್ನೈಯಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಅವರ ಕೇಂಬ್ರಿಡ್ಜ್ ತಂಡ 2013ರಲ್ಲಿ ಉತ್ತರ ಕೊಟ್ಟಿತು. ಈ ಗಂಟಿಗೆ ಮಾತ್ರ ಅಂಟುವ ಪ್ರತಿಕಾಯವೊಂದನ್ನು ರೂಪಿಸಿ ಮನುಷ್ಯನ ಜೀವಕೋಶಕ್ಕೆ ಹಾಕಿದಾಗ, ಕೋಶಕೇಂದ್ರದಲ್ಲಿ ಮಿಣಮಿಣ ಚುಕ್ಕೆಗಳು ಕಂಡವು. ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವ ಹೊತ್ತಿನಲ್ಲಿ ಚುಕ್ಕೆಗಳು ಇನ್ನೂ ಹೆಚ್ಚಿದವು. ಎರಡೆಳೆಯ ಸುರುಳಿ ಬೆಳಕಿಗೆ ಬಂದ ಅದೇ ಊರಿನಲ್ಲಿ, ಸರಿಯಾಗಿ 60 ವರ್ಷಗಳ ನಂತರ.

ಮುಂದೆ 2015ರಲ್ಲಿ ಅದೇ ತಂಡ ಮಾನವ ಜೀನೋಮ್‌ನ ಡಿಎನ್‌ಎಯನ್ನು ಎರಡು ಸಲ ಓದಿತು: ಒಮ್ಮೆ ಮಾಮೂಲಿಯಾಗಿ, ಇನ್ನೊಮ್ಮೆ ಗಂಟು ಬಿಗಿಸುವ ವಸ್ತು ಬೆರೆಸಿ. ಎರಡನೆಯ ಸಲ ಓದು ತಡವರಿಸಿದಲ್ಲೆಲ್ಲ ಗಂಟು ಇದ್ದಂತೆ. ಅಂಥ ಜಾಗಗಳು 7 ಲಕ್ಷಕ್ಕೂ ಹೆಚ್ಚು. ಆದರೆ ಡಿಎನ್‌ಎ ಪ್ರೋಟೀನುಗಳಿಗೆ ಸುತ್ತಿಕೊಂಡೇ ಇರುವ ಕೋಶದೊಳಗೆ, ಒಂದು ಬಗೆಯ ಚರ್ಮಕೋಶಗಳಲ್ಲಿ, ಮರುವರ್ಷ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 10,000. ಗಂಟನ್ನು ಬಿಡಿಸಬಲ್ಲ ಹೆಲಿಕೇಸ್ ಎಂಬ ಕಿಣ್ವಗಳೂ ಕೋಶದಲ್ಲಿ ಇವೆ. ಅವುಗಳಲ್ಲೊಂದು ಕೆಟ್ಟರೆ ಅಕಾಲ ಮುಪ್ಪು ತರುವ ವರ್ನರ್ ಸಿಂಡ್ರೋಮ್ ಬರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಈ ಕಥೆಯಲ್ಲಿ ಪಾಲಿದೆ, ಅದನ್ನು ಹೇಳದೆ ಬಿಡುವಂತಿಲ್ಲ. ಸೇನ್ ಮತ್ತು ಗಿಲ್ಬರ್ಟ್ ಊಹಿಸಿದ ದಾರಿಯಲ್ಲೇ ಹೊರಟ ಕೆ. ಮುನಿಯಪ್ಪ ಮತ್ತು ಸಂಗಡಿಗರು, ಯೀಸ್ಟ್‌ನ ಅರೆವಿಭಜನೆಯಲ್ಲಿ ಕೆಲಸ ಮಾಡುವ ಹಾಪ್1 ಎಂಬ ಪ್ರೋಟೀನು ನಾಲ್ಕೆಳೆ ಡಿಎನ್‌ಎಗೆ ಅಂಟುತ್ತದೆ, ಗಂಟು ಕಟ್ಟಲು ನೆರವೂ ಆಗುತ್ತದೆ ಎಂದು 2000ದಲ್ಲಿ ತೋರಿಸಿದರು. ಸತೀಶ್ ರಾಘವನ್ ಅವರ ಪ್ರಯೋಗಾಲಯ ಬೆನ್ನು ಹತ್ತಿದ್ದು ಕ್ಯಾನ್ಸರಿನ ಒಂದು ಒಗಟನ್ನು. ಫಾಲಿಕ್ಯುಲರ್ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿನಲ್ಲಿ 14 ಮತ್ತು 18ನೇ ಕ್ರೋಮೋಸೋಮ್‌ಗಳು ತುಂಡಾಗಿ ಅದಲುಬದಲಾಗುತ್ತವೆ. 18ನೆಯದು ಮತ್ತೆ ಮತ್ತೆ ಮುರಿಯುವುದು ಬಿಸಿಎಲ್2 ಎಂಬ ಜೀನಿನ ಸುಮಾರು 150 ಅಕ್ಷರಗಳಷ್ಟು ಪುಟ್ಟ ಜಾಗದಲ್ಲೇ. ಅಷ್ಟುದ್ದದ ಕ್ರೋಮೋಸೋಮಿನಲ್ಲಿ ಅದೇ ಜಾಗ ಏಕೆ? ಅಲ್ಲಿನ ಜಿಗಳು ನಾಲ್ಕೆಳೆ ಗಂಟು ಕಟ್ಟಬಲ್ಲವು ಎಂಬುದನ್ನು ಈ ಪ್ರಯೋಗಾಲಯ 2011ರಲ್ಲಿ ಪ್ರಕಟಿಸಿತು. ಒಂದು ಎಳೆ ಗಂಟಾದಾಗ ಎದುರಿನ ಎಳೆ ಜೋಡಿಯಿಲ್ಲದೆ ಬರಿದಾಗಿ ಉಳಿಯುತ್ತದೆ. ಕತ್ತರಿಸುವ ಕಿಣ್ವ ಎರಗಲು ಅಷ್ಟು ಸಂದು ಸಾಕು.