ಹಲ್ಲು ನೋಡಿ ಊರು ಹೇಳುತ್ತಾರೆ!

ನಾಲಿಗೆಯ ತುದಿಯಿಂದ ದವಡೆಹಲ್ಲು ಮುಟ್ಟಿ ನೋಡಿಕೊಳ್ಳಿ. ಆರನೇ ವರ್ಷದ ಸುಮಾರಿಗೆ ಬಂದಿತಲ್ಲ, ಆ ದೊಡ್ಡ ಹಲ್ಲು. ಮುಟ್ಟಿದಿರಾ? ನೀವು ತೊಟ್ಟಿಲ ಕೂಸಾಗಿದ್ದಾಗ ಯಾವ ಸೀಮೆಯ ನೀರು ಕುಡಿದಿರಿ ಎಂಬ ಗುರುತು ಅದರೊಳಗಿದೆ!

ನಂಬಿಕೆ ಬರಲಿಲ್ಲವೇ? ಆ ಹಲ್ಲಿನ ಮೇಲ್ಕವಚ, ಅಂದರೆ ಎನಾಮೆಲ್, ಮೂರು ವರ್ಷದ ಸುಮಾರಿಗೆ ತಯಾರಾಗಿಬಿಡುತ್ತದೆ. ವಸಡಿನ ಒಳಗೇ! ಆಮೇಲೆ ಮುಗಿಯಿತು. ಚರ್ಮ ಹೊಸದಾಗುತ್ತದೆ. ರಕ್ತ ಹೊಸದಾಗುತ್ತದೆ. ಎಲುಬು ಕೂಡ ನಿಧಾನಕ್ಕೆ ಹೊಸದಾಗುತ್ತದೆ. ಎನಾಮೆಲ್ ಮಾತ್ರ ಸವೆಯುತ್ತದೆಯೇ ಹೊರತು ಹೊಸದಾಗುವುದಿಲ್ಲ!

ಈಗ ಒಂದು ಒಗಟು. ಹಳೇ ಕಾಲದ ಮೂರು ಕೂಸುಗಳು. ಒಂದು ಝರಾಸಂಗಂನದು, ಒಂದು ತಾಂಡೂರಿನದು, ಒಂದು ಹೈದರಾಬಾದಿನದು. ತಮ್ಮೂರ ಬಾವಿ ನೀರು, ತಮ್ಮ ಹೊಲದ ಕಾಳು, ಮನೆಯ ಎಮ್ಮೆ ಹಾಲು. ಮೂವರ ಹಲ್ಲು ಮೇಜಿನ ಮೇಲೆ ಕಲಸಿಟ್ಟರೆ ಯಾವುದು ಯಾರದೆಂದು ಹೇಳಲು ದಾರಿಯಿದೆಯೇ?

ಇದೆ! ದಾರಿ ತೋರಿಸುವುದು ಕಲ್ಲು!

ಝರಾಸಂಗಂ ಸೀಮೆಯ ಕೆಂಪು ಮಣ್ಣಿನ ಅಡಿಗಿರುವುದು ಲಾವಾ ಆರಿ ಆದ ಕರಿಕಲ್ಲು. ವಯಸ್ಸು ಸುಮಾರು 6.6 ಕೋಟಿ ವರ್ಷ. ತಾಂಡೂರಿನ ಅಡಿಗೆ ನಮ್ಮ ಮನೆಗಳಿಗೆ ಹಾಸುವ ಪರಸಿ ಕಲ್ಲು, ಅಂದರೆ ಸುಣ್ಣಕಲ್ಲು. ಹೈದರಾಬಾದಿನ ಬಂಡೆಗಳೋ? ಗ್ರಾನೈಟ್. ವಯಸ್ಸು ಊಹಿಸಿ. ಹತ್ತು ಕೋಟಿ? ಐವತ್ತು? ಸುಮಾರು 250 ಕೋಟಿ ವರ್ಷ!

ಕಲ್ಲಿನಲ್ಲಿ ಸ್ಟ್ರಾಂಷಿಯಂ ಎಂಬ ಧಾತು ಇರುತ್ತದೆ. ಗ್ರಾನೈಟಿನಂಥ ಹಳೇ ಕಲ್ಲಿನಲ್ಲಿ ರುಬಿಡಿಯಂ ಕ್ಷಯಿಸುತ್ತಾ ಸ್ಟ್ರಾಂಷಿಯಂ-87ರ ಪಾಲು ಏರುತ್ತಾ ಬಂದಿದೆ. ಲಾವಾದ ಕರಿಕಲ್ಲಿನಲ್ಲಿ ಆ ಪಾಲು ಕಡಿಮೆ. ಕಲ್ಲಿನಿಂದ ಮಣ್ಣಿಗೆ, ಮಣ್ಣಿನಿಂದ ನೀರಿಗೆ, ಕಾಳಿಗೆ, ಹಾಲಿಗೆ. ಅಲ್ಲಿಂದ ಕೂಸಿನ ಹಲ್ಲಿಗೆ! ಕ್ಯಾಲ್ಸಿಯಂ ಇರಬೇಕಾದ ಜಾಗದಲ್ಲಿ ಇದು ಹೋಗಿ ಕೂತುಬಿಡುತ್ತದೆ. (ಇವತ್ತಿನ ಪ್ಯಾಕೆಟ್ ಹಾಲು, ಬಾಟಲಿ ನೀರಿನ ಮಕ್ಕಳ ಹಲ್ಲು ಓದಬೇಕಾದ ಮುಂದಿನವರ ಪಾಡು ದೇವರಿಗೇ ಪ್ರೀತಿ!)

ಹಲ್ಲಿನೊಳಗೆ ಇನ್ನೊಂದು ನಿಧಿಯೂ ಇದೆ. ಗಟ್ಟಿ ಕವಚದ ಕೆಳಗೆ ಕಾಪಾಡಿಕೊಂಡ ಡಿಎನ್‌ಎ! ಅದನ್ನು ಓದುವವರು ಎಲ್ಲೋ ದೂರ ದೇಶದಲ್ಲಿಲ್ಲ. ಝರಾಸಂಗಂ ಹತ್ತಿರದ ಜಹೀರಾಬಾದಿನಲ್ಲಿ ಬಸ್ಸು ಹತ್ತಿ, ಹೈದರಾಬಾದಿನಲ್ಲಿ ಇಳಿದರಾಯಿತು. ಅಲ್ಲೇ ಇದೆ ಸಿಸಿಎಂಬಿ, ಜೀವಕೋಶ ಮತ್ತು ಅಣುಜೀವವಿಜ್ಞಾನದ ಸಂಶೋಧನಾ ಕೇಂದ್ರ!

ಅವರ ಒಂದು ಪತ್ತೇದಾರಿ ಕೇಳಿ. ಪಂಜಾಬಿನ ಅಜ್ನಾಲಾ. 2014. ಗುರುದ್ವಾರದ ಅಡಿಯ ಹಳೇ ಬಾವಿಯೊಂದನ್ನು ಅಗೆದರು. ಬರೀ ಎಲುಬು! ಬರೀ ತಲೆಬುರುಡೆ! ರಾಶಿ ರಾಶಿ ಹಲ್ಲು! ಯಾರಿವರು? ದೇಶ ವಿಭಜನೆಯ ಗಲಭೆಯಲ್ಲಿ ಸತ್ತವರು ಎಂದರು ಕೆಲವರು. ಅಲ್ಲ, 1857ರಲ್ಲಿ ಬ್ರಿಟಿಷರು ಕೊಂದ ಸಿಪಾಯಿಗಳು ಎಂದರು ಇನ್ನು ಕೆಲವರು. ನೀವು ಯಾರ ಕಡೆ?

ಹಲ್ಲುಗಳನ್ನೇ ಸಾಕ್ಷಿಗೆ ಕರೆದರು! 50 ಮಾದರಿಗಳಲ್ಲಿ ಡಿಎನ್‌ಎ, 85ರಲ್ಲಿ ಐಸೊಟೋಪ್, ಅಂದರೆ ಒಂದೇ ಧಾತುವಿನ ಹಗುರ, ಭಾರ ಪರಮಾಣುಗಳ ಪಾಲು. 2022ರಲ್ಲಿ ಉತ್ತರ ಬಂತು. ಇವರು ಪಂಜಾಬಿನವರೇ ಅಲ್ಲ! ಉತ್ತರ ಪ್ರದೇಶ, ಬಿಹಾರ, ಬಂಗಾಳದ ಗಂಗಾ ಬಯಲಿನವರು! ಲಾಹೋರಿನ ಮಿಯಾನ್ ಮೀರ್ ದಂಡಿನಲ್ಲಿದ್ದ 26ನೇ ಬಂಗಾಳ ಪದಾತಿ ದಳದ ಸಿಪಾಯಿಗಳು ಎಂಬ ಮಾತಿಗೆ ಇದು ತಾಳೆಯಾಯಿತು. ಒಂದೇ ಬಾವಿಯಲ್ಲಿ ಎಷ್ಟು ಮಂದಿ ಗೊತ್ತೇ? ಇನ್ನೂರಕ್ಕೂ ಹೆಚ್ಚು!

ಆದರೆ ನನ್ನ ನಿದ್ದೆಗೆಡಿಸಿದ್ದು ಅಜ್ನಾಲಾ ಅಲ್ಲ. ರೂಪಕುಂಡ!

ಉತ್ತರಾಖಂಡದ ಹಿಮದಲ್ಲಿ, ಸುಮಾರು 5,000 ಮೀಟರ್ ಎತ್ತರದಲ್ಲಿ ಒಂದು ಪುಟ್ಟ ಕೆರೆ. ದಡದ ತುಂಬ ನೂರಾರು ಜನರ ಎಲುಬು! ನಂದಾದೇವಿ ಯಾತ್ರೆಗೆ ಹೊರಟು ಆಲಿಕಲ್ಲಿನ ಹೊಡೆತಕ್ಕೆ ಒಟ್ಟಿಗೆ ಸತ್ತವರು ಎಂಬುದು ಹಳೇ ನಂಬಿಕೆ. ಹೈದರಾಬಾದ್, ಲಖನೌ, ಹಾರ್ವರ್ಡಿನ ವಿಜ್ಞಾನಿಗಳು ಕೂಡಿ 38 ಮಂದಿಯ ಡಿಎನ್‌ಎ ಓದಿದರು. ಫಲಿತಾಂಶ ಬಂದದ್ದು 2019ರಲ್ಲಿ.

23 ಮಂದಿ ನಮ್ಮ ಉಪಖಂಡದವರು. ಸರಿ. ಒಬ್ಬರು ಆಗ್ನೇಯ ಏಷ್ಯಾದ ಕಡೆಯವರು. ಅರೆ! ಉಳಿದ 14? ಊಹಿಸಿ! ಟಿಬೆಟ್? ಚೀನಾ? ಇರಾನ್?

ಗ್ರೀಸ್! ಕ್ರೀಟ್ ದ್ವೀಪ! ಆ ಕಡಲ ಸೀಮೆಯ ಇಂದಿನ ಜನರಿಗೆ ಹತ್ತಿರದ ಕುಲದವರು!

ತಡೆಯಿರಿ, ಇನ್ನೂ ಇದೆ. ಉಪಖಂಡದವರು ಸತ್ತದ್ದು ಸಾವಿರ ವರ್ಷಕ್ಕೂ ಹಿಂದೆ, ಅದೂ ಒಂದೇ ಸಲಕ್ಕಲ್ಲ. ಗ್ರೀಸ್ ಕಡೆಯವರು? ಸುಮಾರು 200 ವರ್ಷದ ಹಿಂದೆ, ನಮ್ಮ ಮುತ್ತಜ್ಜನ ಅಜ್ಜನ ಕಾಲಕ್ಕೆ! ಇಷ್ಟು ಈಚಿನ ಸಾವು, ಎಲ್ಲೂ ಒಂದು ಸಾಲು ದಾಖಲೆ ಸಿಕ್ಕಿಲ್ಲ.

ಯಾತ್ರೆಗೆ ಬಂದರೇ? ವ್ಯಾಪಾರಕ್ಕೇ? ಎಲುಬು ಅದನ್ನು ಹೇಳಲಿಲ್ಲ. ಊಟದ ಸಂಗತಿ ಮಾತ್ರ ಬಿಟ್ಟುಕೊಟ್ಟಿತು! ಜೋಳ, ಸಜ್ಜೆ ತಿಂದವರ ಎಲುಬಿನ ಇಂಗಾಲವೇ ಬೇರೆ, ಗೋಧಿ, ಅಕ್ಕಿ ತಿಂದವರದೇ ಬೇರೆ. ಆ 23 ಮಂದಿಯ ಊಟ ತರಹೇವಾರಿ, ಸಿರಿಧಾನ್ಯದ ಪಾಲೂ ಅದರಲ್ಲಿತ್ತು. ಈ 14 ಮಂದಿಯೋ, ಗೋಧಿಯಂಥ ಧಾನ್ಯದ ಮೇಲೆಯೇ ಬದುಕಿದವರು. ಸಜ್ಜೆ, ನವಣೆಯ ರುಚಿ ಹೆಚ್ಚುಕಡಿಮೆ ಕಂಡವರೇ ಅಲ್ಲ!