ಹಳೆಯ ಯಂತ್ರ ನಿಯಂತ್ರಕ: ದುರಸ್ತಿಯೋ, ಬದಲಾವಣೆಯೋ?

ಅಮೆರಿಕದ ಮೆಸಾಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ೧೯೫೨ರಲ್ಲಿ ಪ್ರದರ್ಶಿತವಾದ, ಸಂಖ್ಯೆಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವು ಎರಡು ವಸ್ತುಗಳ ಕೂಟವಾಗಿತ್ತು: ಸಿನ್ಸಿನಾಟಿ ಕಂಪೆನಿಯ ಸಿದ್ಧ ಯಂತ್ರವೊಂದು, ರಂಧ್ರಪಟ್ಟಿಯನ್ನೋದಿ ಅದನ್ನು ನಡೆಸುವ, ನಿರ್ವಾತ ನಳಿಗೆಗಳ ನಿಯಂತ್ರಕ ಮತ್ತೊಂದು. ಇಂಥ ಜೋಡಿಯ ಆಯುಸ್ಸು ಸಮವಲ್ಲ. ಎರಕದ ಕಬ್ಬಿಣದ ಒಡಲು ದಶಕಗಳ ಕಾಲ ಬಾಳುತ್ತದೆ. ನಿಯಂತ್ರಕದ ಕೆಪಾಸಿಟರುಗಳು ಒಣಗುತ್ತವೆ, ಬಿಡಿಭಾಗಗಳ ತಯಾರಿಕೆಯೇ ನಿಂತುಹೋಗುತ್ತದೆ. ಇಂದಿನ ಸಿ.ಎನ್.ಸಿ. ಯಂತ್ರಗಳ ಒಡೆಯರನ್ನು ಕಾಡುವ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಒಡಲೇ ಸವೆದಿದ್ದರೆ ಹೊಸ ನಿಯಂತ್ರಕದಿಂದ ಫಲವಿಲ್ಲ. ಒಡಲು ಗಟ್ಟಿಯಾಗಿದ್ದು, ದೋಷವು ಒಂದೆಡೆಗೆ ಸೀಮಿತವಾಗಿದ್ದರೆ ದುರಸ್ತಿಯೇ ಯುಕ್ತ. ದೋಷ ಮರುಕಳಿಸುತ್ತ, ಬಿಡಿಭಾಗಗಳೂ ದೊರೆಯದಿದ್ದರೆ ಬದಲಾವಣೆ ಅನಿವಾರ್ಯ. ಆಗ ಮೋಟಾರು, ತಂತಿ, ತುರ್ತು ನಿಲುಗಡೆಗಳನ್ನೆಲ್ಲ ಹೊಸದಾಗಿ ಹೊಂದಿಸುವ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇತಿಹಾಸದ ಅಧ್ಯಾಪಕರಾದ ನಾವು ಒತ್ತಿ ಹೇಳಬೇಕಾದುದು ಇನ್ನೊಂದುಂಟು. ಅನೇಕ ನಿಯಂತ್ರಕಗಳಲ್ಲಿ ಅಕ್ಷಗಳ ಮಿತಿ, ತಿರುಪಿನ ದೋಷದ ತಿದ್ದುಪಡಿ ಮೊದಲಾದ ಅಂಕಿಗಳು ಬ್ಯಾಟರಿಯ ಆಸರೆಯ ಸ್ಮೃತಿಯಲ್ಲಿರುತ್ತವೆ. ಬ್ಯಾಟರಿ ತೀರಿದ ಬಳಿಕ ವಿದ್ಯುತ್ತು ಕಡಿದರೆ ಅಳಿದುಹೋಗುತ್ತವೆ. ಇವು ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲುವ ದಾಖಲೆ. ಶಾಸನವನ್ನು ಕದಲಿಸುವ ಮುನ್ನ ಅಚ್ಚು ತೆಗೆದುಕೊಳ್ಳುವಂತೆ, ನಿರ್ಣಯ ಯಾವುದೇ ಆಗಲಿ, ಮೊದಲು ಇವುಗಳ ಪ್ರತಿ ಮಾಡಿಕೊಳ್ಳತಕ್ಕದ್ದು.