ತನ್ನನ್ನು ತಾನೇ ತಿನ್ನುವ ಬೂಷ್ಟು

ಬೆಂಕಿ ರೋಗ ಎಂದರೆ ಊರಲ್ಲಿ ಗದ್ದೆ ಇದ್ದವರಿಗೆ ವಿವರಿಸಬೇಕಿಲ್ಲ. ಭತ್ತದ ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆಗಳು ಏಳುತ್ತವೆ, ರೋಗ ಜೋರಾದರೆ ಪೈರು ಸುಟ್ಟ ಹಾಗೆ ಒಣಗುತ್ತದೆ. ಇದಕ್ಕೆ ಕಾರಣ ಮ್ಯಾಗ್ನಪೋರ್ಥೆ ಒರೈಜೆ ಎಂಬ, ನೂಲಿನಂತೆ ಎಳೆ ಎಳೆಯಾಗಿ ಬೆಳೆಯುವ ಬೂಷ್ಟು. ಎಲೆಯೊಳಗೆ ನುಗ್ಗಬೇಕಾದರೆ ಮೊದಲು ಅದರ ಬೀಜಕವೇ ಸಾಯಬೇಕು ಎಂಬುದು ಸೋಜಿಗದ ಸಂಗತಿ.

ಈ ಬೀಜಕದಲ್ಲಿ ಮೂರು ಜೀವಕೋಶಗಳಿವೆ. ಒದ್ದೆ ಎಲೆಯ ಮೇಲೆ ಕೂತು ಅದು ಮೊಳಕೆ ಒಡೆಯುತ್ತದೆ. ಮೊಳಕೆಯ ತುದಿ ಉಬ್ಬಿ ಗುಮ್ಮಟದಂಥ ಒಂದು ಕೋಶವಾಗುತ್ತದೆ. ಇದಕ್ಕೆ ಅಪ್ರೆಸೋರಿಯಂ ಅಂತ ಹೆಸರು. ಇದರೊಳಗೆ ಒತ್ತಡ ಸುಮಾರು 80 ವಾಯುಭಾರದವರೆಗೆ ಏರುತ್ತದೆ. ಕಾರಿನ ಟಯರಿನಲ್ಲಿರುವುದರ ಸುಮಾರು 40 ಪಟ್ಟು! ಆ ಒತ್ತಡಕ್ಕೆ ಎಲೆಯ ಗಟ್ಟಿ ಹೊದಿಕೆ ತೂತಾಗುತ್ತದೆ.

ಇಷ್ಟು ಕೆಲಸಕ್ಕೆ ಬಂಡವಾಳ ಎಲ್ಲಿಂದ? ಎಲೆಯಿಂದ ಇನ್ನೂ ಒಂದು ತುತ್ತೂ ಸಿಕ್ಕಿಲ್ಲ. ಹಳೇ ಅಂಗಡಿ ಮುಚ್ಚಿ ಸರಕನ್ನೆಲ್ಲ ಹೊಸ ಅಂಗಡಿಗೆ ಸಾಗಿಸುವ ವ್ಯಾಪಾರಿಯ ಹಾಗೆ ಬೀಜಕ ತನ್ನನ್ನೇ ಕರಗಿಸಿ ಗುಮ್ಮಟಕ್ಕೆ ಕೊಡುತ್ತದೆ. ಕೋಶದೊಳಗಿನ ವಸ್ತುಗಳನ್ನು ಎರಡು ಪದರದ ಪೊರೆ ಸುತ್ತಿಕೊಂಡು, ಜೀರ್ಣಿಸುವ ಚೀಲಕ್ಕೆ ಒಯ್ಯುತ್ತದೆ. ಇದೇ ಆಟೋಫೇಜಿ, ಅಂದರೆ ಸ್ವಭಕ್ಷಣೆ. 1963ರಲ್ಲಿ ಈ ಹೆಸರು ಕೊಟ್ಟವರು ಕ್ರಿಸ್ಟಿಯಾನ್ ದ ದೂವ್. ಅದನ್ನು ನಡೆಸುವ ಜೀನುಗಳನ್ನು ಯೀಸ್ಟಿನಲ್ಲಿ ಹುಡುಕಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.

ಬೀಜಕದ ಸಾವು ರೋಗಕ್ಕೆ ನಿಜವಾಗಿ ಬೇಕೇ, ಅಥವಾ ಕೆಲಸ ಮುಗಿದ ಮೇಲೆ ಸುಮ್ಮನೆ ಬರುವುದೇ? ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ನಿಕ್ ಟಾಲ್ಬಟ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಸ್ವಭಕ್ಷಣೆಗೆ ಬೇಕಾದ ಎಟಿಜಿ8 ಎಂಬ ಒಂದೇ ಜೀನನ್ನು ಬೂಷ್ಟಿನಿಂದ ತೆಗೆದುಹಾಕಿದರು. ಆಗ ಬೀಜಕ ಕುಸಿದು ಸಾಯಲಿಲ್ಲ. ಗುಮ್ಮಟವನ್ನೂ ಕಟ್ಟಿತು. ಆದರೆ ಎಲೆಯೊಳಗೆ ಹೋಗಿ ರೋಗ ಹಚ್ಚಲು ಮಾತ್ರ ಅದರಿಂದ ಆಗಲೇ ಇಲ್ಲ. ಹಳೇ ಅಂಗಡಿ ಮುಚ್ಚದೆ ಹೊಸದು ನಡೆಯುವ ಹಾಗಿಲ್ಲ ಅಂತಾಯಿತು.

ಹಾಗಾದರೆ ಬೀಜಕವನ್ನು ಕೊಲ್ಲುವ ಬದಲು ಅದು ಸಾಯದ ಹಾಗೆ ತಡೆದರೂ ಪೈರು ಉಳಿದೀತಲ್ಲವೇ? ಉಳಿದೀತು. ಆದರೆ ಸ್ವಭಕ್ಷಣೆ ಭತ್ತದ ಕೋಶದಲ್ಲೂ ಉಂಟು, ನಮ್ಮಲ್ಲೂ ಉಂಟು. ಆಹಾರ ಸಿಗದಾಗ ಕೋಶಗಳು ಬದುಕಿ ಉಳಿಯುವುದಕ್ಕೆ ಇದೇ ಆಸರೆ. ಆದ್ದರಿಂದ ಬೂಷ್ಟಿನ ಸ್ವಭಕ್ಷಣೆಯನ್ನು ನಿಲ್ಲಿಸಿ, ಪೈರಿನದನ್ನೂ ಉಣ್ಣುವವರದನ್ನೂ ಮುಟ್ಟದೆ ಬಿಡುವ ಔಷಧಿ ಬೇಕು. ಕಷ್ಟವಿರುವುದು ಅಲ್ಲೇ.